ಜೀಪು ಎತ್ತರಿಸುವ ಮುನ್ನ: ಕಡಿಮೆ ಖರ್ಚಿನ ಲಿಫ್ಟ್ ಕಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಧಾರವಾಡದಲ್ಲಿ, ಹೊಲ ನವಲಗುಂದದ ಕಡೆ ಎರಿ ಭೂಮಿಯಲ್ಲಿ. ಮೊದಲು ಹಳೆಯ ಜಿಪ್ಸಿ ಇತ್ತು, ಈಗ 2013ರ ಮಾಡೆಲ್ ಥಾರ್ ಇದೆ. ಎರಡನ್ನೂ ಎತ್ತರಿಸಿದ್ದೇನೆ. ಜಿಪ್ಸಿಗೆ ಮಾಡಿಸಿದ್ದು ತಪ್ಪಾಗಿತ್ತು, ಥಾರ್‌ಗೆ ಮಾಡಿಸಿದ್ದು ಸರಿಹೋಯಿತು. ಮುಂಗಾರು ಹತ್ತಿರ ಬಂದರೆ ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೈಯಲ್ಲಿ ರೊಕ್ಕ ಅಳತೆಯಲ್ಲಿದ್ದವರಿಗಾಗಿಯೇ ಇದನ್ನು ಬರೆದಿದ್ದೇನೆ.

ಲಿಫ್ಟ್ ಕಿಟ್ ಅಂದರೆ ಏನು? ಬಾಡಿ ಲಿಫ್ಟ್ ಬೇರೆ, ಸಸ್ಪೆನ್ಷನ್ ಲಿಫ್ಟ್ ಬೇರೆಯಾ?

ಹೌದು, ಬೇರೆ ಬೇರೆ. ಬಾಡಿ ಲಿಫ್ಟ್‌ನಲ್ಲಿ ಚಾಸಿಗೂ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೂ) ಬಾಡಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನು ಕೂಡಿಸಿ ಬಾಡಿಯನ್ನಷ್ಟೇ ಎತ್ತುತ್ತಾರೆ. ಚಾಸಿ, ಗೇರ್‌ಬಾಕ್ಸ್, ಇಂಧನ ಟ್ಯಾಂಕು ಎಲ್ಲ ಇದ್ದಲ್ಲೇ ಇರುತ್ತವೆ. ದೊಡ್ಡ ಟೈರಿಗೆ ಮಡ್‌ಗಾರ್ಡ್ ಒಳಗೆ ಜಾಗ ಸಿಗುತ್ತದೆ, ಅಷ್ಟೇ. ಸಸ್ಪೆನ್ಷನ್ ಲಿಫ್ಟ್‌ನಲ್ಲಿ ಸ್ಪ್ರಿಂಗನ್ನೇ ಬದಲಿಸಿ, ಅಥವಾ ಅದರ ಕೆಳಗೋ ಮೇಲೋ ಏನಾದರೂ ಕೊಟ್ಟು, ಚಾಸಿಯನ್ನೇ ಆಕ್ಸಲ್‌ನಿಂದ, ಅಂದರೆ ಚಕ್ರಗಳ ಅಚ್ಚಿನಿಂದ, ದೂರ ಎತ್ತುತ್ತಾರೆ. ನಮ್ಮ ಕಡೆ "ಗಾಡಿ ಎತ್ತರಾ ಮಾಡಿಸೇನಿ" ಅಂದರೆ ಸಾಮಾನ್ಯವಾಗಿ ಈ ಎರಡನೆಯದು. ಇಲ್ಲಿ ನಾನು ಹೇಳುತ್ತಿರುವುದೂ ಅದನ್ನೇ.

ಪೂರ್ತಿ ಕಿಟ್ ಅಂದರೆ ನಾಲ್ಕು ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರು, ಕೀಲುಗಳ ರಬ್ಬರ್ ಬುಷ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಗಾಡಿಗೆ ತಕ್ಕಂತೆ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ತಡೆಯುವ ರಬ್ಬರ್), ಬ್ರೇಕ್ ಹೋಸ್, ಆಂಟಿ ರೋಲ್ ಬಾರ್ (ಗಾಡಿ ವಾಲುವುದನ್ನು ತಡೆಯುವ ಸರಳು) ಲಿಂಕ್. ಇದರಲ್ಲಿ ಅರ್ಧ ಸಾಮಾನು ಕೊಟ್ಟು ಅದನ್ನೂ "ಕಿಟ್" ಎಂದೇ ಮಾರುವವರಿದ್ದಾರೆ. ಬೆಲೆಯಲ್ಲಿ ಇಷ್ಟೊಂದು ಅಂತರ ಕಾಣುವುದಕ್ಕೆ ಮೊದಲ ಕಾರಣ ಅದು.

ನನ್ನ ಗಾಡಿಗೆ ಲಿಫ್ಟ್ ಬೇಕೋ ಬೇಡವೋ ಹೇಗೆ ತಿಳಿಯುವುದು?

ಗಾಡಿಯ ಕೆಳಗೆ ಮಲಗಿ ನೋಡಿ. ಎಲ್ಲಿ ಬಡಿದಿದೆ ಎಂದು ಗಾಡಿಯೇ ತೋರಿಸುತ್ತದೆ.

ಹೋದ ಮಳೆಗಾಲ ಕುಂದಗೋಳದ ಕಡೆಯ ಒಬ್ಬ ತಮ್ಮ ತನ್ನ ಥಾರ್ ತಂದಿದ್ದ. "ಅಣ್ಣಾ, ಮೂರು ಇಂಚ್ ಎತ್ತಬೇಕ್ರಿ, ಹೊಲದ ದಾರ್‍ಯಾಗ ತಳಾ ಬಡೀತೈತಿ" ಅಂದ. ಅಂಗಳದಲ್ಲಿ ತಟ್ಟು ಹಾಸಿ ಇಬ್ಬರೂ ಟಾರ್ಚ್ ಹಿಡಿದು ಕೆಳಗೆ ಹೋದೆವು. ಚಾಸಿಯ ಅಡಿ, ಸೈಲೆನ್ಸರ್, ಟ್ಯಾಂಕಿನ ರಕ್ಷಾ ತಗಡು ಎಲ್ಲ ಒಣಗಿದ ಎರಿ ಮಣ್ಣು ಹೊತ್ತು ಕಪ್ಪಗಿದ್ದವು, ಒಂದು ಗೀರೂ ಇರಲಿಲ್ಲ. ಹಿಂದಿನ ಡಿಫರೆನ್ಶಿಯಲ್ಲಿನ (ಆಕ್ಸಲ್ ನಡುವೆ ಗುಂಡಗೆ ಜೋತಿರುವ ಗೇರ್ ಡಬ್ಬಿಯ) ಹೊಟ್ಟೆ ಮಾತ್ರ ಬೆಳ್ಳಿ ಕಾಸಿನಂತೆ ಹೊಳೆಯುತ್ತಿತ್ತು. ಚಕ್ಕಡಿ ಮತ್ತು ಟ್ರ್ಯಾಕ್ಟರ್ ಓಡಾಡಿ ಜಾಡು ಆಳವಾದ ದಾರಿಯಲ್ಲಿ ನಡುವಿನ ದಿಂಡು ಎತ್ತರ ಉಳಿಯುತ್ತದೆ. ಅದು ಒಣಗಿದರೆ ಎರಿ ಮಣ್ಣು ಕಲ್ಲಾಗುತ್ತದೆ. ಆ ದಿಂಡಿನ ಮೇಲೆ ಡಿಫರೆನ್ಶಿಯಲ್ ಉಜ್ಜಿಕೊಂಡು ಹೋಗುತ್ತಿತ್ತು. ಮೂರು ಇಂಚಲ್ಲ, ಆರು ಇಂಚಿನ ಸ್ಪ್ರಿಂಗ್ ಹಾಕಿದರೂ ಆ ಜಾಗ ಕೂದಲೆಳೆಯಷ್ಟೂ ಮೇಲೇಳುತ್ತಿರಲಿಲ್ಲ.

ಹೊಳಪು ಚಾಸಿಯ ಮೇಲಿದ್ದರೆ, ಮೆಟ್ಟಿಲ ಅಂಚಿನಲ್ಲಿದ್ದರೆ, ಮುಂದಿನ ಬಂಪರಿನ ಕೆಳತುಟಿಯಲ್ಲಿದ್ದರೆ ಲಿಫ್ಟ್ ಉಪಯೋಗಕ್ಕೆ ಬರುತ್ತದೆ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಚಕ್ರ ತಿರುಗದೆ ನಿಲ್ಲುತ್ತಿದ್ದರೂ ಬರುತ್ತದೆ, ಏಕೆಂದರೆ ಟೈರಿಗೂ ಬಾಡಿಗೂ ನಡುವೆ ಜಾಗ ಹೆಚ್ಚುತ್ತದೆ. ಎರಿ ನಾಡಿನವರಿಗೆ ಈ ಲಾಭ ಸಣ್ಣದಲ್ಲ. ಜುಲೈ ತಿಂಗಳ ರಾಡಿಯಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಟೈರು ರೊಟ್ಟಿ ಹಿಟ್ಟಿನ ಉಂಡೆಯಾಗುವುದನ್ನು ನೋಡಿದವರಿಗೆ ಗೊತ್ತು.

ಹಾಗಾದರೆ ಡಿಫರೆನ್ಶಿಯಲ್ ಎತ್ತುವುದು ಹೇಗೆ?

ಟೈರಿನಿಂದ. ಅಖಂಡ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಕೂಡಿಸುವ ಒಂದೇ ಗಟ್ಟಿ ಅಚ್ಚು, ಇರುವ ಕಡೆ ಆಕ್ಸಲ್ಲನ್ನು ನೆಲದಿಂದ ಎತ್ತಿ ಹಿಡಿದಿರುವುದು ಟೈರೊಂದೇ. ಟೈರಿನ ವ್ಯಾಸ ಎಷ್ಟು ಹೆಚ್ಚಾಯಿತೋ ಅದರ ಅರ್ಧ ಮಾತ್ರ ಡಿಫರೆನ್ಶಿಯಲ್ ಮೇಲೇಳುತ್ತದೆ.

ಲೆಕ್ಕ ಮಾಡಿ ತೋರಿಸುತ್ತೇನೆ. ಹಳೆಯ ಥಾರ್‌ನ 235/70 ಆರ್ 16 ಟೈರಿನ ವ್ಯಾಸ ಸುಮಾರು 735 ಮಿ.ಮೀ. ಅದಕ್ಕೆ 245/75 ಆರ್ 16 ಹಾಕಿದರೆ 774 ಮಿ.ಮೀ. ವ್ಯತ್ಯಾಸ 39 ಮಿ.ಮೀ. ಹತ್ತಿರ, ಡಿಫರೆನ್ಶಿಯಲ್ ಏಳುವುದು 19 ಮಿ.ಮೀ. ಮುಕ್ಕಾಲು ಇಂಚು. ಮಾರುತಿ ಜಿಮ್ನಿಯ 195/80 ಆರ್ 15 ಟೈರನ್ನು 215/75 ಆರ್ 15ಕ್ಕೆ ಬದಲಿಸಿದರೆ ಸಿಗುವುದು ಬರೀ 5 ಮಿ.ಮೀ. ಅಲ್ಲಿ ಲಾಭ ಎತ್ತರದ್ದಲ್ಲ, ಅಗಲದ್ದು.

ದೊಡ್ಡ ಟೈರಿಗೆ ಬೇರೆ ಖರ್ಚೂ ಇದೆ. ಮೇಲಿನ ಥಾರ್ ಲೆಕ್ಕದಲ್ಲಿ ಸ್ಪೀಡೋಮೀಟರ್ ಮೊದಲು ಸರಿ ತೋರಿಸುತ್ತಿದ್ದರೆ, ಈಗ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ಎಳೆಯುವ ಶಕ್ತಿ ಸ್ವಲ್ಪ ಇಳಿಯುತ್ತದೆ, ಬ್ರೇಕಿಗೆ ಹೆಚ್ಚು ಕೆಲಸ ಬೀಳುತ್ತದೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಎಲ್ಲಾದರೂ ಉಜ್ಜುತ್ತದೆಯೇ ಎಂದು ಒಂದು ಚಕ್ರವನ್ನು ಹಾಕಿ ನೋಡಿ, ಆಮೇಲೆ ನಾಲ್ಕೂ ಕೊಳ್ಳಿ.

ಯಾವ ಗಾಡಿಗೆ ಯಾವ ರೀತಿಯ ಲಿಫ್ಟ್?

ಎಲ್ಲ ನಿಮ್ಮ ಗಾಡಿಯ ಸ್ಪ್ರಿಂಗ್ ಯಾವುದು ಎಂಬುದರ ಮೇಲೆ.

ಜಿಪ್ಸಿಗೆ, ಹಳೆಯ ಎಂಎಂ 540 ಮತ್ತು ಮೇಜರ್ ಜೀಪುಗಳಿಗೆ ಹಿಂದೆ ಮುಂದೆ ಎರಡೂ ಕಡೆ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಕಡಿಮೆ ಖರ್ಚಿನಲ್ಲಿ ಎತ್ತರಿಸಲು ಅತಿ ಸುಲಭವಾದವು ಇವೇ, ಕೆಡಿಸಲು ಸುಲಭವಾದವೂ ಇವೇ. 2010ರಲ್ಲಿ ಬಂದ ಹಳೆಯ ಥಾರ್‌ನ ಡಿಐ ಎಂಜಿನ್ ಮಾಡೆಲ್ ಬಿಟ್ಟು ಸಿಆರ್‌ಡಿಇ ಎಂಜಿನ್ ಮಾಡೆಲ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಪಾಟಾ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು) ಜೊತೆ ಕಾಯಿಲ್, ಅಂದರೆ ಸುರುಳಿ ಸ್ಪ್ರಿಂಗ್, ಹಿಂದೆ ಅಖಂಡ ಆಕ್ಸಲ್ ಮೇಲೆ ಕಾಯಿಲ್. ನೆಲದಿಂದ 226 ಮಿ.ಮೀ. ಎತ್ತರ ಕಂಪನಿಯಿಂದಲೇ ಬರುತ್ತದೆ, ಹಳೆಯದರಲ್ಲಿ 200 ಇತ್ತು. 2023ರಲ್ಲಿ ಬಂದ ಐದು ಬಾಗಿಲ ಜಿಮ್ನಿಗೆ ಎರಡೂ ಕಡೆ ಅಖಂಡ ಆಕ್ಸಲ್, ಕಾಯಿಲ್ ಸ್ಪ್ರಿಂಗ್, 210 ಮಿ.ಮೀ. ಎತ್ತರ.

ಬೊಲೆರೊ ಇರುವವರು ನಮ್ಮಲ್ಲಿ ಬಹಳ. ಮುಂದೆ ಕಾಯಿಲ್, ಹಿಂದೆ ಪಾಟಾ. ನಿಮ್ಮದು ಹಿಂದಿನ ಎರಡೇ ಚಕ್ರಕ್ಕೆ ಎಳೆತ ಇರುವ ಗಾಡಿಯಾದರೆ ಲಿಫ್ಟ್‌ಗೆ ರೊಕ್ಕ ಹಾಕಬೇಡಿ. ರಾಡಿಯಲ್ಲಿ ಹುಗಿದ ಗಾಡಿಯನ್ನು ಎತ್ತರ ಹೊರಗೆ ತರುವುದಿಲ್ಲ. ಹಿಂದಿನ ಎರಡು ಒಳ್ಳೆಯ ಟೈರು, ಒಂದು ಗಟ್ಟಿ ಎಳೆಯುವ ಪಟ್ಟಿ, ಒಂದು ಸಲಿಕೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಇನ್ನೊಂದು ಮಾತು. ಹೊಸ ಥಾರ್, ಸಿಆರ್‌ಡಿಇ ಥಾರ್‌ಗಳಲ್ಲಿ ಮುಂದಿನ ಡಿಫರೆನ್ಶಿಯಲ್ ಚಕ್ರದ ಜೊತೆಗಲ್ಲ, ಚಾಸಿಯ ಜೊತೆಗೆ ಇದೆ. ಅಲ್ಲಿ ಲಿಫ್ಟ್ ಮಾಡಿದರೆ ಮುಂದಿನ ಡಿಫರೆನ್ಶಿಯಲ್ಲೂ ಏಳುತ್ತದೆ. ಆದರೆ ಅದರಿಂದ ಚಕ್ರಕ್ಕೆ ಹೋಗುವ ಸಣ್ಣ ಶಾಫ್ಟಿನ ಕೋನ ಕಡಿದಾಗಿ ಆ ಶಾಫ್ಟಿನ ಕೀಲಾದ ಸಿವಿ ಜಾಯಿಂಟ್ ಮತ್ತು ಅದರ ರಬ್ಬರ್ ಬೂಟ್ ಬೇಗ ಹೋಗುತ್ತವೆ.

ಸ್ಪೇಸರ್ ಬಹಳ ಅಗ್ಗ. ಅದನ್ನೇ ಹಾಕಿಸಿದರೆ ಸಾಲದೇ?

ಸ್ಪೇಸರ್ ಅಂದರೆ ಕಾಯಿಲ್‌ನ ತಲೆಯ ಮೇಲೆ ಕೂಡಿಸುವ ದಪ್ಪ ಬಿಲ್ಲೆ. ಪೂರ್ತಿ ಕಿಟ್‌ನ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಇಂಚಿನವರೆಗೆ, ಶಾಕ್ ಚೆನ್ನಾಗಿದ್ದರೆ, ಅದು ಮೋಸವಲ್ಲ. ಅದರಾಚೆ ಹೋದರೆ ತೊಂದರೆ ಶುರು.

ಶಾಕ್‌ಗೆ ಒಂದು ಪೂರ್ತಿ ಬಿಚ್ಚಿದ ಉದ್ದ, ಒಂದು ಪೂರ್ತಿ ಮುಚ್ಚಿದ ಉದ್ದ ಇರುತ್ತದೆ. ಜಿಮ್ನಿಯ ಹಾಗೆ ಶಾಕ್ ಬೇರೆ, ಕಾಯಿಲ್ ಬೇರೆ ಇರುವ ಗಾಡಿಯನ್ನು ಎರಡು ಇಂಚು ಎತ್ತಿ ಹಳೆಯ ಶಾಕ್ ಬಿಟ್ಟರೆ, ಅದು ನಿಂತ ಜಾಗದಲ್ಲೇ ಎರಡು ಇಂಚು ಹೆಚ್ಚು ಬಿಚ್ಚಿಕೊಂಡಿರುತ್ತದೆ. ಗುಂಡಿಗೆ ಚಕ್ರ ಇಳಿಯಬೇಕಾದಾಗ ಶಾಕ್ ತುದಿ ಮುಟ್ಟಿ "ಟಕ್" ಎನ್ನುತ್ತದೆ, ಚಕ್ರ ಗಾಳಿಯಲ್ಲಿ ಉಳಿಯುತ್ತದೆ. ಎತ್ತರ ಸಿಕ್ಕಿತು, ನೆಲದ ಹಿಡಿತ ಹೋಯಿತು. ಆ "ಟಕ್" ಪ್ರತಿ ಸಲವೂ ಶಾಕ್‌ನ ಒಳಗಿನ ಸೀಲಿಗೆ, ಮೇಲಿನ ಬುಷ್‌ಗೆ ಬೀಳುವ ಪೆಟ್ಟು.

ಹೊಸ ಥಾರ್‌ನ ಮುಂದಿನ ಕಾಯಿಲ್ ಮತ್ತು ಶಾಕ್ ಒಂದೇ ಜೋಡಣೆ. ಅದರ ತಲೆಯ ಮೇಲೆ ಹಾಕುವ ಸ್ಪೇಸರ್ ತನ್ನ ದಪ್ಪಕ್ಕಿಂತ ಹೆಚ್ಚು ಎತ್ತರವನ್ನು ಚಕ್ರದ ಬಳಿ ಕೊಡುತ್ತದೆ, ಏಕೆಂದರೆ ಶಾಕ್ ಕೂತಿರುವುದು ತೋಳಿನ ನಡುವೆ, ಚಕ್ರ ಇರುವುದು ತುದಿಗೆ. ಬಿಲ್ಲೆಯ ದಪ್ಪ ನೋಡಿ ಎತ್ತರ ಊಹಿಸಬೇಡಿ. ಹಾಕಿದ ಮೇಲೆ ಟೇಪ್ ಹಿಡಿದು ಅಳೆಯಿರಿ.

ಪಾಟಾ ಹೊಡೆಸಿದರೆ ಸಾಕು, ಹೊಸ ಪಾಟಾ ಯಾಕೆ ಅಂತಾರೆ. ನಿಮ್ಮ ಅನುಭವ?

ಜಿಪ್ಸಿಯಲ್ಲಿ ನಾನು ಮಾಡಿದ ತಪ್ಪು ಇಲ್ಲಿಯದೇ. ಕುಸಿದ ಪಾಟಾ ಬಿಚ್ಚಿ, ಸುತ್ತಿಗೆಯಿಂದ ಹೊಡೆದು ಮತ್ತೆ ಕಮಾನು ಏರಿಸುತ್ತಾರೆ. ಒಳ್ಳೆಯ ಮಿಸ್ತ್ರಿ ತಣ್ಣಗಿರುವಾಗಲೇ, ಅಂಗುಲ ಅಂಗುಲ ಸರಿಸುತ್ತ, ಪೆಟ್ಟು ಲೆಕ್ಕ ಹಾಕಿ ಹೊಡೆಯುತ್ತಾನೆ. ಅದು ನಿಜವಾದ ಕಸಬು, ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆದರೆ ಉಕ್ಕು ಹಳೆಯದೇ. ದಣಿದ ಉಕ್ಕು ಕೆಲವು ತಿಂಗಳಲ್ಲಿ ಮತ್ತೆ ಕುಸಿಯುತ್ತದೆ, ಎಡಬಲ ಒಂದೇ ಸಮ ಕುಸಿಯುವುದೂ ಇಲ್ಲ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸುವವರಿದ್ದರೆ ಅಲ್ಲಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಹಾಗೆ ಕಾಯಿಸಿದರೆ ಸ್ಪ್ರಿಂಗ್ ಉಕ್ಕಿಗೆ ಕೊಟ್ಟ ಹದವೇ ಹೋಗುತ್ತದೆ. ಒಂದೋ ಮೆತ್ತಗಾಗುತ್ತದೆ, ಇಲ್ಲವೇ ಬಿರುಸಾಗಿ ಒಂದು ದಿನ ಗುಂಡಿಯಲ್ಲಿ ಮುರಿಯುತ್ತದೆ.

ನನ್ನ ಜಿಪ್ಸಿಗೆ ಒಂದು ಗ್ಯಾರೇಜಿನಲ್ಲಿ ಪಾಟಾ ಹೊಡೆದು, ಮೇಲೆ ಉದ್ದನೆಯ ಶಾಕಲ್ (ಪಾಟಾದ ತುದಿಯನ್ನು ಚಾಸಿಗೆ ಕೂಡಿಸುವ ಕೊಂಡಿ) ಕೂಡಿಸಿ, ಹಿಂದೆ ಪಾಟಾಕ್ಕೂ ಆಕ್ಸಲ್‌ಗೂ ನಡುವೆ ಗಟ್ಟಿ ಬ್ಲಾಕ್ ಕೊಟ್ಟರು. ಒಟ್ಟು ಮೂರು ಇಂಚಿಗಿಂತ ಹೆಚ್ಚಾಯಿತು. ನನಗೂ ಖುಷಿ. ಬ್ರೇಕ್ ಹೋಸ್ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹದಿನೈದು ದಿನಕ್ಕೆ ಹೊಲದ ಒಡ್ಡು ದಾಟುವಾಗ ಎಡ ಹಿಂಚಕ್ರ ಪೂರ್ತಿ ಕೆಳಗೆ ಜೋತುಬಿತ್ತು. ಆಚೆ ಇಳಿದು ಬ್ರೇಕ್ ತುಳಿದರೆ ಪೆಡಲ್ ನೆಲಕ್ಕೆ ಹೋಯಿತು. ಕೆಳಗೆ ಬಗ್ಗಿ ನೋಡಿದೆ. ರಬ್ಬರ್ ಹೋಸ್ ಬಾವಿಯ ಹಗ್ಗದ ಹಾಗೆ ಬಿಗಿದು, ಹಿತ್ತಾಳೆ ತುದಿಯ ಬಳಿ ಕಿತ್ತು ಬಂದಿತ್ತು. ಅದರಿಂದ ಎಣ್ಣೆ ತೊಟ್ಟು ತೊಟ್ಟಾಗಿ ಕಡಲೆ ಗಿಡದ ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ಕೂತಿದ್ದವನು ನನ್ನ ಹತ್ತು ವರ್ಷದ ಮಗ. ಅದು ಹೊಲದಲ್ಲಿ ಆಯಿತು, ಧಾರವಾಡ ಬೈಪಾಸಿನಲ್ಲಿ ಆಗಲಿಲ್ಲ. ಅಂದಿನಿಂದ ಯಾರ ಗಾಡಿ ಎತ್ತರಿಸಿದರೂ ನಾನು ಮೊದಲು ಕೈ ಹಾಕಿ ನೋಡುವುದು ಬ್ರೇಕ್ ಹೋಸನ್ನೇ.

ಉಳಿದ ಅಗ್ಗದ ದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಪಾಟಾದ ಒಂದೇ ತುದಿ ಇಳಿಯುತ್ತದೆ. ಮುಂದಿನ ಆಕ್ಸಲ್‌ನಲ್ಲಿ ಹಾಗೆ ಮಾಡಿದರೆ ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಕೀಲಿನ ಓರೆ) ಕೆಡುತ್ತದೆ, ಸ್ಟೇರಿಂಗ್ ತಾನೇ ನೇರಕ್ಕೆ ಬರುವುದನ್ನು ಬಿಡುತ್ತದೆ. ಪಾಟಾಕ್ಕೆ ಹೆಚ್ಚುವರಿಯಾಗಿ ಒಂದು ಎಲೆ ಸೇರಿಸುವುದು ಭಾರ ಹೊರುವವರಿಗೆ ಒಳ್ಳೆಯದು, ಖಾಲಿ ಗಾಡಿಯಲ್ಲಿ ಬೆನ್ನು ಮುರಿಯುತ್ತದೆ. ಬ್ಲಾಕ್ ಹಿಂದಿನ ಆಕ್ಸಲ್‌ಗೆ ಒಂದೇ ತುಂಡಿನದಾದರೆ, ಹೊಸ ಉದ್ದದ ಯು ಬೋಲ್ಟ್ ಜೊತೆಗಾದರೆ ನಡೆಯುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸಬಾರದು. ಮುಂದಿನ ಆಕ್ಸಲ್‌ಗೆ ಬ್ಲಾಕ್ ಬೇಡವೇ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳುವ ಬಲಕ್ಕೆ ಬ್ಲಾಕ್ ಜಾರಿದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿರುವುದಿಲ್ಲ.

ಟಾರ್ಷನ್ ಬಾರ್ ಬೋಲ್ಟ್ ತಿರುಗಿಸಿದರೆ ಖರ್ಚೇ ಇಲ್ಲದೆ ಎತ್ತರ ಆಗುತ್ತದಂತೆ?

ಆಗುತ್ತದೆ. ಸಿಆರ್‌ಡಿಇ ಥಾರ್‌ನಲ್ಲಿ, ಟಾರ್ಷನ್ ಬಾರ್ ಇರುವ ಹಳೆಯ ಸ್ಕಾರ್ಪಿಯೊಗಳಲ್ಲಿ ಹೀಗೆ ಮುಂಭಾಗ ಎತ್ತಬಹುದು. ಬಾರ್ ಇದರಿಂದ ಗಟ್ಟಿಯಾಗುವುದಿಲ್ಲ, ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ. ಚಕ್ರ ಕೆಳಗಿಳಿಯಲು ಇದ್ದ ಅವಕಾಶವನ್ನು ತಿಂದು ಎತ್ತರ ಕೊಟ್ಟಿರುತ್ತದೆ. ಕುಸಿದ ಮುಂಭಾಗವನ್ನು ಮೂಲ ಎತ್ತರಕ್ಕೆ ತರಲು, ಅದರ ಮೇಲೆ ಅರ್ಧ ಮುಕ್ಕಾಲು ಇಂಚು ಏರಿಸಲು ಇದು ಒಳ್ಳೆಯ ಉಪಾಯ. ತಿರುಗಿಸುವ ಮುಂಚೆ ಬೋಲ್ಟಿನ ಎಷ್ಟು ಸುತ್ತು ಹೊರಗಿದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ದಿನ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಮುಂದಿನ ಟೈರಿನ ಒಂದು ಅಂಚು ಸವೆದು ಹೋಗುತ್ತದೆ.

ಎರಡು ಅಂಗಡಿ ಎರಡು ಬೆಲೆ ಹೇಳುತ್ತವೆ. ಹೋಲಿಸುವುದು ಹೇಗೆ?

ಒಟ್ಟು ಮೊತ್ತ ಹೋಲಿಸಬೇಡಿ, ಸಾಮಾನು ಹೋಲಿಸಿ. ಇಬ್ಬರಿಗೂ ಒಂದೇ ಹಾಳೆ ಕೊಟ್ಟು ಬೆಲೆ ಬರೆಸಿ: ಸ್ಪ್ರಿಂಗ್, ಶಾಕ್, ಬುಷ್, ಯು ಬೋಲ್ಟ್, ಬಂಪ್ ಸ್ಟಾಪ್, ಬ್ರೇಕ್ ಹೋಸ್, ಆಂಟಿ ರೋಲ್ ಬಾರ್ ಲಿಂಕ್, ಕೂಲಿ, ಅಲೈನ್‌ಮೆಂಟ್. ಖಾಲಿ ಬಿಟ್ಟ ಸಾಲುಗಳೇ ನಿಮಗೆ ಮುಂದೆ ಬೀಳುವ ಖರ್ಚು. ಅಗ್ಗ ಎಂದು ಕಂಡ ಕಿಟ್ ಈ ಹಾಳೆ ತುಂಬಿದ ಮೇಲೆ ದುಬಾರಿಯಾಗಿದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಆಮೇಲೆ ಮೂರು ಪ್ರಶ್ನೆ ಕೇಳಿ. ಈ ಸ್ಪ್ರಿಂಗ್ ಎಷ್ಟು ಹೆಚ್ಚುವರಿ ಭಾರಕ್ಕೆ ಮಾಡಿದ್ದು? ಶಾಕ್‌ನ ಬಿಚ್ಚಿದ ಮತ್ತು ಮುಚ್ಚಿದ ಉದ್ದ ಎಷ್ಟು? ಎರಡು ವರ್ಷದ ಮೇಲೆ ಒಂದೇ ಶಾಕ್ ಹೋದರೆ ಬಿಡಿಯಾಗಿ ಸಿಗುತ್ತದೆಯೇ? ಮೊದಲನೆಯದಕ್ಕೆ ಉತ್ತರ ಬಹಳ ಮುಖ್ಯ. ಒಳ್ಳೆಯ ಕಂಪನಿಗಳು ಒಂದೇ ಗಾಡಿಗೆ ಹಗುರ, ಮಧ್ಯಮ, ಭಾರ ಎಂದು ಬೇರೆ ಬೇರೆ ಸ್ಪ್ರಿಂಗ್ ಮಾಡುತ್ತವೆ. ಮುಂದೆ ವಿಂಚ್ ಇಲ್ಲ, ಮೇಲೆ ಕ್ಯಾರಿಯರ್ ಇಲ್ಲ, ಹೊಲಕ್ಕೆ ಹೋಗುವಾಗ ಎರಡು ಚೀಲ ಗೊಬ್ಬರ ಅಷ್ಟೇ ಎನ್ನುವವರು ಭಾರದ ಸ್ಪ್ರಿಂಗ್ ಹಾಕಿಸಿದರೆ ಗಾಡಿ ಹೇಳಿದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಕುದುರೆಯಂತೆ ಪುಟಿಯುತ್ತದೆ.

ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಡಾಬಿನ್ಸನ್ಸ್, ಥಾಯ್ಲೆಂಡಿನ ಪ್ರೊಫೆಂಡರ್, ಜರ್ಮನಿಯ ಬಿಲ್‌ಸ್ಟೈನ್, ನಮ್ಮ ದೇಶದ ಗೇಬ್ರಿಯಲ್, ಇವು ನೀವು ಕೇಳುವ ಹೆಸರುಗಳು. ಹೊರದೇಶದ ಪೂರ್ತಿ ಕಿಟ್‌ನಲ್ಲಿ ಸ್ಪ್ರಿಂಗೂ ಶಾಕೂ ಒಂದಕ್ಕೊಂದು ಹೊಂದುವಂತೆ ಮಾಡಿರುತ್ತಾರೆ, ಅದಕ್ಕೇ ಆ ಬೆಲೆ. ಆದರೆ ನಿಮ್ಮ ಓಡಾಟ ವಾರಕ್ಕೊಮ್ಮೆ ಹೊಲ, ವರ್ಷಕ್ಕೆರಡು ಸಲ ಕಲಘಟಗಿ, ಅಳ್ನಾವರ ಕಡೆಯ ಕಾಡಂಚು ಅಷ್ಟೇ ಆಗಿದ್ದರೆ, ಹೊಸ ದೇಶಿ ಪಾಟಾಕ್ಕೆ ಸರಿಯಾದ ಉದ್ದದ ಒಳ್ಳೆಯ ಶಾಕ್ ಸೇರಿಸಿದರೆ ಸಾಕು. ನನ್ನ ಥಾರ್‌ನ ಹಿಂಭಾಗದಲ್ಲಿ ಇರುವುದು ಅದೇ. ಎರಡರಲ್ಲಿ ಒಂದಕ್ಕೇ ರೊಕ್ಕ ಇದ್ದರೆ ಶಾಕ್‌ಗೆ ಹಾಕಿ. ಗದಗ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದ ಮೇಲೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದು ಅದೇ.

ಎಷ್ಟು ಇಂಚು ಸಾಕು?

ಒಂದೂವರೆಯಿಂದ ಎರಡು. ಎರಡರ ಆಚೆ ಪ್ರತಿ ಅರ್ಧ ಇಂಚಿಗೂ ಹೊಸ ಸಾಮಾನು ಕೇಳುತ್ತದೆ. ಹೊಸ ಥಾರ್‌ಗೆ ಮೇಲಿನ ಕಂಟ್ರೋಲ್ ಆರ್ಮ್, ಜಿಮ್ನಿಗೆ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಮತ್ತು ಕ್ಯಾಸ್ಟರ್ ಬುಷ್, ಪಾಟಾ ಜೀಪುಗಳಿಗೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಸರಿಪಡಿಸುವ ಬೆಣೆ. ಅವುಗಳನ್ನು ಬಿಟ್ಟರೆ ಜಿಮ್ನಿಯ ಆಕ್ಸಲ್ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಜೀಪಿನ ಶಾಫ್ಟಿನ ಕೀಲಾದ ಕ್ರಾಸ್ ಒಂದು ವೇಗದಲ್ಲಿ ಗುಂಯ್ ಎಂದು ನಡುಗುತ್ತದೆ.

ಎಷ್ಟೋ ಗಾಡಿಗಳಿಗೆ ಅಷ್ಟೂ ಬೇಕಿರುವುದಿಲ್ಲ. ನನ್ನ ಥಾರ್‌ನ ಹಿಂಭಾಗವನ್ನು ಅಷ್ಟಾಗಿ ಓಡದ ಅದೇ ಮಾಡೆಲ್‌ನ ಪಕ್ಕ ನಿಲ್ಲಿಸಿ ಅಳೆದಾಗ ಒಂದೂಕಾಲು ಇಂಚು ಕುಸಿದಿತ್ತು. ಕುಸಿದಿದ್ದನ್ನು ಸರಿಪಡಿಸಿದ ಮೇಲೆ ಮುಕ್ಕಾಲು ಇಂಚು ಮಾತ್ರ ಏರಿಸಿದೆ. ನೀವೂ ಮೊದಲು ಸಮತಟ್ಟು ಸಿಮೆಂಟ್ ನೆಲದ ಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಹೀಗೆ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದರೂ ಲೆಕ್ಕ ತಪ್ಪುವುದಿಲ್ಲ.

ರೊಕ್ಕ ಕಡಿಮೆ. ಒಂದೊಂದಾಗಿ ಮಾಡಿಸಬಹುದೇ?

ಖಂಡಿತ, ಅದೇ ಒಳ್ಳೆಯದು. ಮೊದಲು ಸವೆದ ಬುಷ್, ಟೈ ರಾಡ್ ತುದಿ, ಬಾಲ್ ಜಾಯಿಂಟ್. ಹಳೆಯ ಬುಷ್ ಮೇಲೆ ಹೊಸ ಕಿಟ್ ಹಾಕಿದರೆ ಹಳೆಯ ದೋಷವೇ ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಟೈರು. ಮೂರನೆಯದು ಶಾಕ್, ಆದರೆ ಮುಂದೆ ಎರಡು ಇಂಚು ಎತ್ತುವ ಮನಸ್ಸಿದ್ದರೆ ಆ ಉದ್ದಕ್ಕೂ ಈಗಿನ ಎತ್ತರಕ್ಕೂ ಹೊಂದುವಂಥದ್ದು ಸಿಗುತ್ತದೆಯೇ ಕೇಳಿ ಕೊಳ್ಳಿ. ಸ್ಪ್ರಿಂಗ್ ಕೊನೆಗೆ. ಒಂದು ಆಕ್ಸಲ್‌ನ ಎಡ ಬಲ ಮಾತ್ರ ಯಾವತ್ತೂ ಜೋಡಿಯಾಗಿಯೇ ಬದಲಾಗಬೇಕು.

ಹೀಗೆ ಹಂತ ಹಂತವಾಗಿ ಹೋದವರಲ್ಲಿ ಅನೇಕರು ಟೈರಿನ ಹಂತಕ್ಕೇ ನಿಂತು "ಸಾಕಾತ್ರಿ, ಈಗ ಎಲ್ಲೂ ಬಡಿಯೂದಿಲ್ಲ" ಎಂದಿದ್ದಾರೆ. ಕುಂದಗೋಳದ ತಮ್ಮನೂ ಹಾಗೆಯೇ.

ಹಳೆಯ ಕಿಟ್ ಸಿಕ್ಕರೆ ತಗೋಬಹುದೇ?

ಸ್ಪ್ರಿಂಗ್ ತಗೋಬಹುದು, ಬಿರುಕು ಮತ್ತು ತುಕ್ಕಿನ ಗುಳಿ ಇಲ್ಲದಿದ್ದರೆ. ಶಾಕ್ ಬೇಡ. ಯು ಬೋಲ್ಟ್ ಒಮ್ಮೆ ಬಿಗಿದಿದ್ದು ಮತ್ತೆ ಉಪಯೋಗಿಸಬಾರದು, ಅದು ಎಳೆದುಕೊಂಡಿರುತ್ತದೆ.

ಹಾಕಿಸಿದ ದಿನ ಏನೇನು ನೋಡಿಕೊಳ್ಳಬೇಕು?

ಗ್ಯಾರೇಜು ಬಿಡುವ ಮುಂಚೆ ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ಪೂರ್ತಿ ಜೋತುಬೀಳುವಂತೆ ಎತ್ತಿಸಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಬಗ್ಗಿ. ಬ್ರೇಕ್ ಹೋಸ್ ಕೈಯಿಂದ ಆಡಿಸಿ ನೋಡಿ, ಸಡಿಲ ಇರಬೇಕು. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೊಮ್ಮೆ ನೋಡಿ. ಎಬಿಎಸ್ ವೈರು ಇದ್ದರೆ ಅದನ್ನೂ. ಬುಷ್‌ನ ಬೋಲ್ಟ್‌ಗಳನ್ನು ಗಾಡಿ ತನ್ನ ಭಾರದ ಮೇಲೆ ನೆಲದಲ್ಲಿ ನಿಂತಾಗ ಕೊನೆಯ ಬಿಗಿ ಕೊಡಬೇಕು. ಗಾಳಿಯಲ್ಲಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಆಯಿತೇ, ಹೆಡ್‌ಲೈಟ್ ಕೆಳಗಿಳಿಸಿದರೇ ಕೇಳಿ. ಎತ್ತಿದ ಗಾಡಿಯ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ, ರಾತ್ರಿ ಚಕ್ಕಡಿ ಹೊಡೆದುಕೊಂಡು ಬರುವವರಿಗೆ ಅದು ಜೀವದ ಪ್ರಶ್ನೆ.

500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿಸಿ. ಶಾಕ್‌ನ ಹೊಳೆಯುವ ರಾಡು ಹೊರಗೆ ಕಾಣುವಂತಿದ್ದರೆ ಅದಕ್ಕೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ ಹೊಲಕ್ಕೆ ಹೋಗಿಬನ್ನಿ. ಅದು ಎಲ್ಲಿಯವರೆಗೆ ಜರುಗಿದೆಯೋ ಅಷ್ಟು ನಿಮ್ಮ ಶಾಕ್ ಒತ್ತಿಕೊಂಡಿದೆ. ತಳ ಮುಟ್ಟಿದ್ದರೆ ಬಂಪ್ ಸ್ಟಾಪ್ ಉದ್ದ ಸಾಲದು.

ಬೈಪಾಸ್ ಮೇಲೆ ಓಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ, ಗೊತ್ತಾಗಬೇಕು. ಭಾರದ ಕೇಂದ್ರ ಮೇಲೆ ಹೋಗಿದೆ, ಚಕ್ರಗಳ ನಡುವಿನ ಅಗಲ ಅಷ್ಟೇ ಇದೆ. ಜಿಪ್ಸಿಯಲ್ಲಿ ಆ ಅಗಲ ಸುಮಾರು 1.3 ಮೀಟರ್ ಮಾತ್ರ. ಲಾರಿ ಪಕ್ಕದಲ್ಲಿ ಹಾದಾಗ ಗಾಳಿಗೆ ಓಲಾಡುವುದು, ತಟ್ಟನೆ ಪಥ ಬದಲಿಸಿದರೆ ವಾಲುವುದು ಹೆಚ್ಚುತ್ತದೆ. ಮೊದಲ ಒಂದು ವಾರ ಖಾಲಿ ರಸ್ತೆಯಲ್ಲಿ ಓಡಿಸಿ ಕೈ ಕೂಡಿಸಿಕೊಳ್ಳಿ. 60ರ ಆಸುಪಾಸು ಸ್ಟೇರಿಂಗ್ ಗಡಗಡ ಅಲುಗಿದರೆ ಟೈರ್ ಬ್ಯಾಲೆನ್ಸ್ ಎಂದು ಸುಮ್ಮನಾಗದೆ ಕ್ಯಾಸ್ಟರ್ ಮತ್ತು ಬುಷ್ ನೋಡಿಸಿ.

ಆರ್‌ಟಿಓ, ವಿಮೆ, ವಾರಂಟಿ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎನ್ನುತ್ತದೆ. ಆದ್ದರಿಂದ ಸಾಮಾನು ಕೊಳ್ಳುವ ಮುಂಚೆಯೇ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿ. ಕುಸಿದ ಸ್ಪ್ರಿಂಗ್ ಬದಲಿಸಿ ಮೂಲ ಎತ್ತರಕ್ಕೆ ತರುವುದು ದುರಸ್ತಿ, ಎತ್ತರಿಸುವುದು ಬದಲಾವಣೆ. ವಿಮಾ ಕಂಪನಿಗೆ ಬರೆದು ತಿಳಿಸದಿದ್ದರೆ ಅಪಘಾತದ ನಂತರ ಪರಿಹಾರಕ್ಕೆ ತಕರಾರು ಬರಬಹುದು. ವಾರಂಟಿ ಇನ್ನೂ ಉಳಿದಿರುವ ಹೊಸ ಗಾಡಿಗೆ ನಾನಾದರೆ ಅವಧಿ ಮುಗಿಯುವವರೆಗೆ ಕಾಯುತ್ತೇನೆ.

ಎತ್ತರಿಸಿದ ಮೇಲೆ ಕಪ್ಪತಗುಡ್ಡಕ್ಕೆ ಹತ್ತಿಸಬಹುದೇ?

ಬೇಡ. ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ದಾಂಡೇಲಿಯ ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಸ್ತೆ ಬಿಟ್ಟು ಗಾಡಿ ಇಳಿಸಿದರೆ ಅರಣ್ಯ ಕಾಯ್ದೆಯ ಪ್ರಕರಣ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ ಕಪ್ಪತಗುಡ್ಡದ ತೆಳು ಮಣ್ಣಿನ ಮೇಲೆ ಔಷಧಿ ಗಿಡಗಳಿವೆ, ಒಮ್ಮೆ ಟೈರು ಉಜ್ಜಿದ ಜಾಡು ಮಳೆಗೆ ಕೊರಕಲಾಗುತ್ತದೆ. ಸ್ವಂತ ಹೊಲ, ಅನುಮತಿ ಪಡೆದ ಖಾಸಗಿ ಜಾಗ ಇಷ್ಟೇ ಸಾಕು. ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿದಾಗ ಎಷ್ಟು ಎತ್ತರದ ಗಾಡಿಯಾದರೂ ನೀರಿಗೆ ಇಳಿಸಬೇಡಿ. ಹರಿವ ನೀರು ಗಾಡಿಯನ್ನು ಪಕ್ಕದಿಂದ ಒತ್ತುತ್ತದೆ. ಬಾಗಿಲ ಮಟ್ಟಕ್ಕೆ ಬಂದರೆ ಭಾರದ ಜೀಪೂ ತೇಲಿ ಹೋಗುತ್ತದೆ.

ಮನೆಯಲ್ಲಿ ವಯಸ್ಸಾದವರಿದ್ದಾರೆ. ಅವರು ಹತ್ತುವುದು ಹೇಗೆ?

ಇದನ್ನು ಮೊದಲೇ ಕೇಳುವವರು ಕಡಿಮೆ, ಆಮೇಲೆ ಕೇಳುವವರೇ ಹೆಚ್ಚು. ಎರಡು ಇಂಚು ಎತ್ತಿ ದೊಡ್ಡ ಟೈರು ಹಾಕಿದರೆ ಮೆಟ್ಟಿಲು ಹತ್ತಿರ ಹತ್ತಿರ ಮೂರು ಇಂಚು ಮೇಲೆ ಹೋಗುತ್ತದೆ. ಮೊಣಕಾಲು ನೋವಿರುವವರಿಗೆ ಅದು ದೊಡ್ಡ ಅಂತರ. ಎತ್ತಿಸುವ ಮುನ್ನ ಅಷ್ಟೇ ದಪ್ಪದ ಹಲಗೆಯ ಮೇಲೆ ಗಾಡಿಯ ನಾಲ್ಕೂ ಚಕ್ರ ನಿಲ್ಲಿಸಿ ಮನೆಯವರಿಗೆ ಹತ್ತಿ ಇಳಿಯಲು ಹೇಳಿ. ನಮ್ಮವ್ವ ಹಾಗೆ ಹತ್ತಲು ನೋಡಿ, "ಇದರಾಗ ನಾ ಬರಂಗಿಲ್ಲಪಾ" ಅಂದಳು. ಬಾಗಿಲ ಪಕ್ಕ ಒಳಗೊಂದು ಹಿಡಿಕೆ ಹಾಕಿಸಿ, ಮೆಟ್ಟಿಲ ಕೆಳಗೆ ಇನ್ನೊಂದು ಮಡಚುವ ಮೆಟ್ಟಿಲು ಬೆಸೆಸಿದೆ. ಈಗ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಟರೆ ಬುಟ್ಟಿ ನನ್ನ ಕೈಗೆ ಕೊಟ್ಟು ಮುಂದಿನ ಸೀಟಿಗೆ ಎಲ್ಲರಿಗಿಂತ ಮೊದಲು ಹತ್ತಿ ಕೂಡುವವಳು ಅವಳೇ.